ಒಂದು ಚೆರ್ರಿಯ ಮೊಕದ್ದಮೆ

ಸನ್ನಿವೇಲ್‌ನ ಆ ಮನೆಯಲ್ಲಿ ತಾತನೂ ಮೊಮ್ಮಗಳೂ ಮಾತು ಬಿಟ್ಟಿದ್ದಾರೆ. ಪೂರ್ತಿ ಬಿಟ್ಟಿಲ್ಲ, ಅಜ್ಜಿಯ ಮೂಲಕ ಸಾಗುತ್ತಿದೆ. “ಅಜ್ಜಿ, ನಿನ್ನ ಹಸ್ಬೆಂಡ್‌ಗೆ ರಿಮೋಟ್ ಕೊಡೋಕೆ ಹೇಳು” ಎಂದು ಎಂಟು ವರ್ಷದ ಪುಟ್ಟಿ ಗೋಡೆ ನೋಡಿಕೊಂಡು ಹೇಳುತ್ತಾಳೆ. ಅವಳ ಪಕ್ಕದಲ್ಲೇ ಕೂತಿರುವ ರಾಯರು ಎದ್ದು ಅಡುಗೆಮನೆಗೆ ಹೋಗಿ ರಿಮೋಟನ್ನು ಹೆಂಡತಿಯ ಕೈಗಿತ್ತು ಬರುತ್ತಾರೆ. ಸಾರಿನ ಸೌಟು ಕೆಳಗಿಟ್ಟು ಅಜ್ಜಿ ಆ ರಿಮೋಟ್ ಹೊತ್ತು ಹಾಲಿಗೆ ನಡೆಯಬೇಕು. ಇಷ್ಟಕ್ಕೆಲ್ಲ ಕಾರಣ ಒಂದು ಚೆರ್ರಿ ಹಣ್ಣು. ಒಂದೇ ಒಂದು. ಅದೂ ಈಗ ಇಲ್ಲ.

ಬೇ ಏರಿಯಾದ ಕನ್ನಡಿಗರ ಮನೆಗೆ ಊರಿಂದ ಅಪ್ಪ ಅಮ್ಮ ಬಂದರೆ ನಡೆಯಬೇಕಾದ ಶಾಸ್ತ್ರಗಳಿವೆ. ಮೊದಲು ಲಿವರ್ಮೋರಿನ ಶಿವ-ವಿಷ್ಣು ದೇವಸ್ಥಾನ. ಆಮೇಲೆ ಗೋಲ್ಡನ್ ಗೇಟ್ ಸೇತುವೆಯ ಮುಂದೆ ನಿಂತು ಫೋಟೊ. ಮೂರನೆಯದು ಸ್ಯಾನ್ ಫ್ರಾನ್ಸಿಸ್ಕೋದ ದಂಡೆ. 1898ರಲ್ಲಿ ಕಟ್ಟಿದ ಫೆರಿ ಬಿಲ್ಡಿಂಗಿನ ಗಡಿಯಾರ ಗೋಪುರದಿಂದ ಹಿಡಿದು, ಪಿಯರ್ 39ರ ಸಮುದ್ರಸಿಂಹಗಳ ಗಲಾಟೆ ದಾಟಿ ಗಿರಾರ್ಡೆಲ್ಲಿ ಸ್ಕ್ವೇರ್ ತಲುಪುವವರೆಗೆ ಮೂರು ಕಿಲೋಮೀಟರಿಗೂ ತುಸು ಹೆಚ್ಚಿನ ದಾರಿ. ದಾರಿಯುದ್ದಕ್ಕೂ ತಿನ್ನುವುದೇ ಕೆಲಸ. ನೋಡುವುದು ಒಂದು ನೆಪ.

ಶಿವಮೊಗ್ಗದ ಜಿಲ್ಲಾ ಖಜಾನೆಯಲ್ಲಿ ನೌಕರಿ ಮಾಡಿ ನಿವೃತ್ತರಾದ ರಾಯರು ಆ ದಿನ ಮಂಕಿ ಕ್ಯಾಪ್ ಹಾಕಿಕೊಂಡು ಹೊರಟಾಗ ಸೊಸೆ, “ಮಾವ, ಜುಲೈ ಇದು, ಬೇಸಿಗೆ” ಎಂದು ತಡೆದಳು. ರಾಯರು ಕೇಳಲಿಲ್ಲ. ಜುಲೈಯಲ್ಲಿ ಕ್ಯಾಲಿಫೋರ್ನಿಯಾದ ಒಳನಾಡು ಕಾದಷ್ಟೂ ಅದು ಸಮುದ್ರದ ತಣ್ಣನೆಯ ಮಂಜನ್ನು ಗೋಲ್ಡನ್ ಗೇಟ್ ಸಂದಿಯಿಂದ ಒಳಕ್ಕೆಳೆಯುತ್ತದೆ; ಸನ್ನಿವೇಲ್ ಬೇಯುವ ಹೊತ್ತಿಗೆ ದಂಡೆ ನಡುಗುತ್ತಿರುತ್ತದೆ. ಚಡ್ಡಿ, ಟೀಶರ್ಟಿನಲ್ಲಿ ಬಂದ ಪ್ರವಾಸಿಗರು ಫಿಶರ್‌ಮನ್ಸ್ ವಾರ್ಫಿನಲ್ಲಿ ಸ್ವೆಟ್‌ಶರ್ಟ್ ಕೊಳ್ಳಲು ಮುಗಿಬಿದ್ದಿದ್ದರು. ರಾಯರು ಟೋಪಿಯೊಳಗಿಂದಲೇ ಸೊಸೆಯನ್ನು ನೋಡಿದರು. ಏನೂ ಹೇಳಲಿಲ್ಲ. ಹೇಳಿದ್ದರೇ ವಾಸಿಯಿತ್ತು ಎಂದು ಸೊಸೆಗೆ ಈಗಲೂ ಅನಿಸುತ್ತದೆ.

ಮೊದಲ ಗಂಡಾಂತರ ಬ್ರಂಚ್. ರಾಯರಿಗೆ ಏಳೂವರೆಗೆ ತಿಂಡಿ, ಹನ್ನೆರಡೂವರೆಗೆ ಊಟ. ನಡುವೆ ಯಾರಾದರೂ ಏನಾದರೂ ತಿನ್ನಿ ಎಂದರೆ ಅದು ಖಜಾನೆಯ ನಿಯಮಕ್ಕೆ ವಿರುದ್ಧ. ಅಜ್ಜಿ ಮಾತ್ರ ಇದನ್ನು ಒಪ್ಪೊತ್ತಿನ ಲೆಕ್ಕಕ್ಕೆ ಹಾಕಿಕೊಂಡು ನಿರುಮ್ಮಳವಾಗಿದ್ದರು. 1895ರಲ್ಲಿ ಗೈ ಬೆರಿಂಜರ್ ಎಂಬ ಇಂಗ್ಲಿಷಿನವನು ಬ್ರಂಚಿನ ಮೇಲೆ ಪ್ರಬಂಧವನ್ನೇ ಬರೆದು, ಶನಿವಾರ ರಾತ್ರಿ ಹೆಚ್ಚು ಕುಡಿದವರಿಗೆ ಭಾನುವಾರ ತಡವಾಗಿ ತಿನ್ನುವ ಅನುಕೂಲ ಬೇಕೆಂದು ವಾದಿಸಿದ್ದನಂತೆ. ಮಗ ಇದನ್ನು ಹೇಳಿದ್ದೇ ತಪ್ಪಾಯಿತು. “ಹಾಗಾದ್ರೆ ಇದು ಕುಡುಕರ ತಿಂಡಿ” ಎಂದು ರಾಯರು ತೀರ್ಪು ಕೊಟ್ಟರು.

ಹೋಟೆಲಿನಲ್ಲಿ ಹೆಸರು ಬರೆಸಿ ಕಾಯಬೇಕಿತ್ತು, ಸರದಿ ಬಂದಾಗ ಫೋನಿಗೆ ಮೆಸೇಜ್. ರಾಯರಿಗೆ ಈ ವ್ಯವಸ್ಥೆಯ ಮೇಲೆ ನಂಬಿಕೆ ಹುಟ್ಟಲಿಲ್ಲ. ಮದುವೆ ಛತ್ರದಲ್ಲಿ ಪಂಕ್ತಿಗೆ ಜಾಗ ಹಿಡಿಯುವುದು ಹೇಗೆಂದು ಅವರಿಗೆ ಗೊತ್ತು: ಮಜ್ಜಿಗೆಯ ಹಂತಕ್ಕೆ ಬಂದವರನ್ನು ಗುರುತಿಸಿ ಅವರ ಕುರ್ಚಿಯ ಹಿಂದೆ ನಿಲ್ಲಬೇಕು. ಅವರು ಹಾಗೆಯೇ ಮಾಡಿದರು. ಪ್ಯಾನ್‌ಕೇಕ್ ತಿನ್ನುತ್ತಿದ್ದ ಒಂದು ದಂಪತಿಯ ಬೆನ್ನಿಗೆ, ಕೈ ಹಿಂದೆ ಕಟ್ಟಿ, ಮಂಕಿ ಕ್ಯಾಪಿನಲ್ಲಿ. ಆ ಹೆಂಗಸು ಎರಡು ಸಲ ತಿರುಗಿ ನೋಡಿದಳು. ಮೂರನೆಯ ಸಲ ನೋಡಿ, ಉಳಿದದ್ದನ್ನು ಡಬ್ಬಿಗೆ ತುಂಬಿಸಿಕೊಂಡು ಗಂಡನೊಡನೆ ಹೊರಟೇಬಿಟ್ಟಳು. “ನೋಡಿದ್ಯಾ?” ಎಂದರು ರಾಯರು. ಆ ಜಾಗ ಸಿಕ್ಕಿದ್ದು ಬೇರೆಯವರಿಗೆ.

ಕೊನೆಗೂ ಕೂತ ಮೇಲೆ ಬಂದದ್ದು ಅವಕಾಡೊ ಟೋಸ್ಟ್. ಅಜ್ಜಿ ಒಂದು ತುಂಡು ಬಾಯಿಗಿಟ್ಟು ಬೆಚ್ಚಿದರು. “ಬೆಣ್ಣೆಹಣ್ಣಿಗೆ ಉಪ್ಪು!” ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಬೆಳೆಯುವ ಆ ಹಣ್ಣನ್ನು ಹಾಲು, ಸಕ್ಕರೆ ಹಾಕಿ ರುಬ್ಬಿ ಬಟರ್‌ಫ್ರೂಟ್ ಜ್ಯೂಸ್ ಮಾಡಿ ಕುಡಿದು ಬೆಳೆದ ನಾಲಿಗೆಗೆ ಇದು ಅಪಚಾರ. ಅವರನ್ನು ಸಮಾಧಾನಪಡಿಸಿದ್ದು ಸವರ್‌ಡೋ ಬ್ರೆಡ್. ದಂಡೆಯ ಹಳೇ ಬೇಕರಿಯೊಂದರವರು 1849ರಿಂದ ಒಂದೇ ಹುಳಿಹಿಟ್ಟನ್ನು ಉಳಿಸಿಕೊಂಡು ಬಂದಿದ್ದೇವೆ, 1906ರ ಭೂಕಂಪದಲ್ಲಿ ಮನೆಯೊಡತಿ ಅದನ್ನು ಬಕೆಟ್ಟಿನಲ್ಲಿ ಎತ್ತಿಕೊಂಡು ಓಡಿದಳು ಎಂದು ಹೇಳಿಕೊಳ್ಳುತ್ತಾರೆ. ಅಜ್ಜಿಗೆ ಆಕೆಯ ಮೇಲೆ ಅಪಾರ ಗೌರವ ಹುಟ್ಟಿತು. ಸನ್ನಿವೇಲ್‌ನ ಚಳಿಗಾಲದಲ್ಲಿ ದೋಸೆಹಿಟ್ಟು ಉಬ್ಬಲೆಂದು ಅವನ್ನಿನ ದೀಪ ಹಾಕಿ ರಾತ್ರಿಯೆಲ್ಲ ಎದ್ದೆದ್ದು ನೋಡಿದವರು ಅವರು. “ಒಡವೆ ಬಿಟ್ಟು ಹಿಟ್ಟು ಎತ್ಕೊಂಡ್ಲು ನೋಡು” ಎಂದು ಸೊಸೆಯತ್ತ ತಿರುಗಿದರು. ಸೊಸೆ ಮೆನು ಓದುತ್ತಿದ್ದಳು. ಬಹಳ ಹೊತ್ತು ಓದಿದಳು.

ಮುಂದೆ ಹೈಡ್ ಸ್ಟ್ರೀಟಿನ ಕೊನೆಯಲ್ಲಿ, ಕೇಬಲ್ ಕಾರ್ ತಿರುಗುವ ಜಾಗದೆದುರು, ಬ್ಯೂನಾ ವಿಸ್ಟಾ ಕೆಫೆ. ಕಿಟಕಿಯೊಳಗೆ ಸಾಲಾಗಿ ಜೋಡಿಸಿದ ಗಾಜಿನ ಲೋಟಗಳು, ಕಪ್ಪು ಕಾಫಿ, ಮೇಲೆ ತೇಲುವ ಕೆನೆ. ಆ ದಿನ ಮೊದಲ ಬಾರಿಗೆ ರಾಯರ ಮುಖ ಅರಳಿತು. “ಕಾಫಿ ಅಂದ್ರೆ ಹೀಗೆ, ಗಾಜಿನ ಲೋಟದಲ್ಲಿ. ಒಂದು ಹೇಳಪ್ಪ.” 1952ರಲ್ಲಿ ಅಮೆರಿಕದಲ್ಲಿ ಐರಿಷ್ ಕಾಫಿಯನ್ನು ಹದಕ್ಕೆ ತಂದ ಜಾಗ ಇದು, ಅದರಲ್ಲಿ ವಿಸ್ಕಿ ಇದೆ ಎಂದು ಮಗ ತಗ್ಗಿದ ದನಿಯಲ್ಲಿ ತಿಳಿಸಿದ. ರಾಯರು ಲೋಟಗಳನ್ನು ಇನ್ನೊಮ್ಮೆ ನೋಡಿದರು. “ಎಷ್ಟಿರುತ್ತೆ?” ಎಂದರು. ಅಜ್ಜಿ ಮಧ್ಯೆ ಪ್ರವೇಶಿಸಿ ಅವರನ್ನು ತೋಳು ಹಿಡಿದು ಮುಂದೆ ನಡೆಸಿದರು.

ಇನ್ನು ಮುಖ್ಯ ವಿಷಯ. ಹೊರದೇಶಕ್ಕೆ ಬಂದ ಕನ್ನಡದ ಹಿರಿಯರು ಯಾವ ಅಂಗಡಿಯ ಮುಂದೆ ನಿಂತರೂ ಹೇಳುವ ಮಾತೊಂದಿದೆ: “ನನಗೇನೂ ಬೇಡಪ್ಪ.” ಗೋಡೆಯ ಮೇಲಿನ ಬೆಲೆಪಟ್ಟಿ ನೋಡುತ್ತಲೇ ಡಾಲರು ರೂಪಾಯಿಯಾಗುತ್ತದೆ, ರೂಪಾಯಿ ಊರಿನ ಹಾಲಿನ ಬಿಲ್ಲಾಗುತ್ತದೆ, ಗಂಟಲು ಕಟ್ಟುತ್ತದೆ. ಜೀವಮಾನವಿಡೀ ತಾವೇ ಜೇಬಿಗೆ ಕೈಹಾಕಿದವರಿಗೆ ಮಗ ಕಾರ್ಡ್ ತೆಗೆಯುವುದನ್ನು ಪಕ್ಕದಲ್ಲಿ ನಿಂತು ನೋಡುವುದು ಸುಲಭವಲ್ಲ; ರಾಯರಂತೂ ಆ ಕ್ಷಣದಲ್ಲಿ ಛಾವಣಿ ನೋಡುತ್ತಾರೆ. ಇದು ಒಳ್ಳೆಯ ಗುಣವೇ. ತೊಂದರೆ ಏನೆಂದರೆ, ಏನೂ ಬೇಡ ಎಂದವರು ಆಮೇಲೆ ಪ್ರತಿಯೊಬ್ಬರ ತಟ್ಟೆಯಿಂದ “ಒಂಚೂರು ರುಚಿಗೆ” ತೆಗೆಯುತ್ತಾರೆ. ಎಲ್ಲರ ಒಂಚೂರು ಸೇರಿದರೆ ಒಂದು ಪ್ಲೇಟಿಗಿಂತ ಹೆಚ್ಚೇ ಆಗುತ್ತದೆ ಎಂಬುದು ಸೊಸೆ ಲೆಕ್ಕ ಹಾಕಿ ಕಂಡುಕೊಂಡ ಸತ್ಯ.

ಗಿರಾರ್ಡೆಲ್ಲಿ ಸ್ಕ್ವೇರಿನಲ್ಲೂ ಅವರಿಗೆ ಏನೂ ಬೇಡವಾಗಿತ್ತು. ಬೇಕಾದದ್ದು ಫಲಕಗಳು. ಕಂಡ ಬೋರ್ಡನ್ನೆಲ್ಲ ಓದಿ ಮನೆಯವರಿಗೆ ಪಾಠ ಒಪ್ಪಿಸುವುದು ಅವರ ಚಟ. ಡೊಮಿಂಗೊ ಗಿರಾರ್ಡೆಲ್ಲಿ ಇಟಲಿಯವನು, ಪೆರುವಿನಲ್ಲಿ ವ್ಯಾಪಾರ ಮಾಡಿ ಚಿನ್ನದ ಹುಚ್ಚಿನ ಕಾಲಕ್ಕೆ ಇಲ್ಲಿಗೆ ಬಂದ, 1852ರಲ್ಲಿ ಕಂಪನಿ ಕಟ್ಟಿದ. ಈ ಕೆಂಪಿಟ್ಟಿಗೆಯ ಕಾರ್ಖಾನೆಯನ್ನು ಕೆಡವಿಹಾಕಬಹುದೆಂಬ ಭಯದಲ್ಲಿ ಊರಿನವರೊಬ್ಬರು ಕೊಂಡು ಉಳಿಸಿ, 1964ರಲ್ಲಿ ಅಂಗಡಿ, ಹೋಟೆಲುಗಳ ಚೌಕವಾಗಿ ತೆರೆದರು. ಕೋಕೋ ಮುದ್ದೆಯನ್ನು ಚೀಲದಲ್ಲಿ ಕಟ್ಟಿ ಬೆಚ್ಚನೆಯ ಕೋಣೆಯಲ್ಲಿ ನೇತುಹಾಕಿದರೆ ಕೊಬ್ಬು ತೊಟ್ಟಿಕ್ಕಿ ಹೋಗಿ ಪುಡಿಗೆ ಬೇಕಾದ್ದು ಉಳಿಯುತ್ತದೆಂದು ಗಿರಾರ್ಡೆಲ್ಲಿಯ ಕಾರ್ಖಾನೆಯಲ್ಲಿ ಕಂಡುಕೊಂಡರಂತೆ. “ಶ್ರೀಖಂಡಕ್ಕೆ ಮೊಸರು ಕಟ್ಟಿ ನೇತುಹಾಕಲ್ವೇ, ಹಾಗೆ” ಎಂದು ಅಜ್ಜಿ ಒಂದೇ ಮಾತಿನಲ್ಲಿ ಪಾಠ ಮುಗಿಸಿದರು.

ಹಾಟ್ ಫಡ್ಜ್ ಸಂಡೇ ಬಂತು. ವೆನಿಲಾ ಐಸ್‌ಕ್ರೀಂ, ಬಿಸಿ ಚಾಕೊಲೇಟಿನ ಗೊಜ್ಜು, ಕೆನೆಯ ಗೋಪುರ, ಬಾದಾಮಿ ಚೂರು, ತುದಿಯಲ್ಲಿ ಕೆಂಪು ಚೆರ್ರಿ. ಒಂದೇ ಗಾಜಿನ ಬಟ್ಟಲಿಗೆ ಎಲ್ಲರೂ ಚಮಚ ಹಾಕುವುದು ಅಲ್ಲಿಯ ರೂಢಿ. ಅಜ್ಜಿ ಅದಕ್ಕೆ ಸೊಪ್ಪು ಹಾಕಲಿಲ್ಲ. ನೀರಿನ ಕಪ್ಪುಗಳನ್ನು ತರಿಸಿ, ಮುಟ್ಟದ ಹೊಸ ಚಮಚದಲ್ಲಿ ಎತ್ತರದಿಂದ ಬಡಿಸಿದರು, ಕಪ್ಪಿಗೆ ತಾಗದಂತೆ, ಮಡಿ ಕೆಡದಂತೆ. ಬಡಿಸುವಾಗ ಚೆರ್ರಿ ಪುಟ್ಟಿಯ ಕಪ್ಪಿಗೆ ಬಿತ್ತು. ಪುಟ್ಟಿ ಅದನ್ನು ತೊಟ್ಟು ಹಿಡಿದು ಎತ್ತಿದಳು, ಅಂಟಿದ್ದ ಕೆನೆಯನ್ನು ನೆಕ್ಕಿದಳು, ಕಾಗದದ ನ್ಯಾಪ್‌ಕಿನ್ನಿನ ಮೇಲೆ ಪಕ್ಕಕ್ಕಿಟ್ಟಳು. ಕೊನೆಯ ತುತ್ತಿಗೆ.

ರಾಯರು ಇದೆಲ್ಲವನ್ನೂ ನೋಡಿದರು. ಅವರ ಕಪ್ಪು ಖಾಲಿಯಾಗಿತ್ತು (ಏನೂ ಬೇಡವಾಗಿದ್ದವರ ಕಪ್ಪು). ಅವರ ಕೈ ಟಿಶ್ಯೂ ತೆಗೆಯಲೆಂಬಂತೆ ಮುಂದೆ ಹೋಯಿತು, ದಾರಿಯಲ್ಲಿ ತುಸು ತಡೆಯಿತು, ಚೆರ್ರಿಯನ್ನು ಎತ್ತಿಕೊಂಡು ವಾಪಸಾಯಿತು. ತೊಟ್ಟು ಮಾತ್ರ ನ್ಯಾಪ್‌ಕಿನ್ನಿಗೆ ಮರಳಿತು. ಅದನ್ನು ಅವರು ಮೊದಲಿದ್ದ ಜಾಗದಲ್ಲೇ, ಕೆಂಪು ಕಲೆಯ ಮೇಲೆ, ನೀಟಾಗಿ ಇಟ್ಟರು.

ಪುಟ್ಟಿಯ ಕಿರುಚಾಟಕ್ಕೆ ಪಕ್ಕದ ಟೇಬಲಿನ ಮಗು ಅಳಲು ಶುರುಮಾಡಿತು.

ವಿಚಾರಣೆ 280ನೇ ಹೆದ್ದಾರಿಯುದ್ದಕ್ಕೂ ನಡೆಯಿತು. ರಾಯರ ಮೊದಲ ವಾದ ಶಾಸ್ತ್ರೋಕ್ತವಾಗಿತ್ತು: ಎಲೆಯ ಪಕ್ಕಕ್ಕೆ ಸರಿಸಿಟ್ಟದ್ದು ಬೇಡವಾದದ್ದು. ಕರಿಬೇವು, ಒಣಮೆಣಸಿನಕಾಯಿ, ನುಗ್ಗೆಯ ಸಿಪ್ಪೆ. ಇಷ್ಟವಾದದ್ದನ್ನು ಯಾರಾದರೂ ಪಕ್ಕಕ್ಕಿಡುತ್ತಾರೆಯೇ? ದಂಡವಾಗಬಾರದೆಂದು ತಿಂದೆ. “ಐ ವಾಸ್ ಸೇವಿಂಗ್ ಇಟ್!” ಎಂದು ಹಿಂದಿನ ಸೀಟಿನಿಂದ ಕೂಗು. ನ್ಯಾಯವಾಗಿ ಹೇಳಬೇಕೆಂದರೆ ಈ ಕೂಗಿನಲ್ಲಿ ಹುರುಳಿದೆ. ಪಂಕ್ತಿಯಲ್ಲಿ ಹೋಳಿಗೆಯನ್ನು ಕೊನೆಗೆಂದು ಉಳಿಸಿಕೊಂಡು, ಬಡಿಸುವವರ ಅವಸರದಲ್ಲಿ ಎಲೆ ಎತ್ತಿಸಿಕೊಂಡವರೆಲ್ಲ ಪುಟ್ಟಿಯ ಪರ ನಿಲ್ಲಬೇಕಾಗುತ್ತದೆ.

ಎರಡನೆಯ ವಾದ ವಸ್ತುವಿನದ್ದು. ಅದು ಚೆರ್ರಿಯೇ ಅಲ್ಲ ಎಂದರು. ಊರಿನ ಬೇಕರಿಗಳಲ್ಲಿ ಕೇಕಿನ ಮೇಲೆ ಕೂರುವುದು ಬಹಳ ಸಲ ಕವಳಿಹಣ್ಣು, ಕರಾವಳಿಯವರ ಕರಂಡೆ. ಸಕ್ಕರೆ ಪಾಕದಲ್ಲಿ ಮುಳುಗಿಸಿ ಕೆಂಪು ಬಣ್ಣ ಕಟ್ಟಿದ್ದು. ಅದು ನಿಜ, ಆದರೆ ಕ್ಯಾಲಿಫೋರ್ನಿಯಾದಲ್ಲಿ ಕವಳಿಹಣ್ಣು ಎಲ್ಲಿಂದ ಬಂತು? ಸೊಸೆ ಫೋನ್ ತೆಗೆದು ಓದತೊಡಗಿದಳು. ಇದರ ಹೆಸರು ಮರಸ್ಕೀನೊ. ಮೂಲದಲ್ಲಿ ಡಾಲ್ಮೇಷಿಯಾ ತೀರದ ಮರಸ್ಕಾ ಚೆರ್ರಿಯನ್ನು ಅದರದೇ ಮದ್ಯದಲ್ಲಿ ನೆನೆಸಿ—

“ಮದ್ಯ?” ಎಂದರು ಅಜ್ಜಿ.

ಕಾರಿನಲ್ಲಿ ಮೌನ. ಐರಿಷ್ ಕಾಫಿಯಿಂದ ಎಳೆದುಕೊಂಡು ಬಂದ ಗಂಡ ಐದು ನಿಮಿಷದ ದೂರದಲ್ಲಿ ಚೆರ್ರಿಯ ವೇಷದಲ್ಲಿ ಕುಡಿದುಬಿಟ್ಟನೇ? ಸೊಸೆ ಗಾಬರಿಯಿಂದ ಮುಂದೆ ಓದಿದಳು. ಅಮೆರಿಕದ್ದು ಬೇರೆ. 1920ರ ದಶಕದಲ್ಲಿ ಆರೆಗಾನ್‌ನ ಕೃಷಿ ಕಾಲೇಜಿನ ಅರ್ನೆಸ್ಟ್ ವೀಗಂಡ್ ಎಂಬ ಪ್ರಾಧ್ಯಾಪಕರು ಮದ್ಯವಿಲ್ಲದೆ, ಉಪ್ಪುನೀರಿಗೆ ಕ್ಯಾಲ್ಸಿಯಂ ಲವಣ ಸೇರಿಸಿ ಹಣ್ಣು ಮೆತ್ತಗಾಗದಂತೆ ಕಾಪಾಡುವ ವಿಧಾನವನ್ನು ಪಕ್ಕಾ ಮಾಡಿದರು. ಮೊದಲು ಹಣ್ಣಿನ ಬಣ್ಣವನ್ನೆಲ್ಲ ತೆಗೆದು ಬಿಳಿಚಿಸುತ್ತಾರೆ, ಆಮೇಲೆ ಸಕ್ಕರೆ ಪಾಕ, ಕೆಂಪು ಬಣ್ಣ.

ರಾಯರಿಗೆ ಜೀವ ಬಂತು. “ಹಾಗಾದ್ರೆ ಅದ್ರಲ್ಲಿ ಹಣ್ಣೆಲ್ಲಿದೆ? ನಾನು ತಿಂದಿದ್ದು ಬರೀ ಬಣ್ಣ, ಸಕ್ಕರೆ. ಕೇಸ್ ವಜಾ.”

“ಸಕ್ಕರೆ ತಿಂದೆ ಅಂತ ಒಪ್ಕೊಂಡ್ರಿ ಮಾವ” ಎಂದಳು ಸೊಸೆ. ಬೆಳಿಗ್ಗೆ ಬೆರಳು ಚುಚ್ಚಿ ಶುಗರ್ ನೋಡಿದವಳು ಅವಳೇ. ಆಮೇಲೆ ಪಾಲೊ ಆಲ್ಟೊ ದಾಟುವವರೆಗೂ ರಾಯರು ಬೆಟ್ಟದ ಹಸುಗಳನ್ನು ನೋಡುತ್ತಿದ್ದರು.

ಅಜ್ಜಿಯ ಚಿಂತೆ ಬೇರೆಯೇ. “ಅವಳು ನೆಕ್ಕಿ ಇಟ್ಟಿದ್ದು ಕಣ್ರೀ ಅದು. ಎಂಜಲು.” ತಮ್ಮ ಲೋಟಕ್ಕೆ ಹೆಂಡತಿಯ ತುಟಿ ತಾಗಿದರೂ ತೊಳೆಸುವ ಮನುಷ್ಯ. ರಾಯರು ಹಸುಗಳಿಂದ ಕಣ್ಣು ತೆಗೆಯದೆ, “ಮೊಮ್ಮಗಳದ್ದು ಎಂಥಾ ಎಂಜಲು” ಎಂದರು. ಹಿಂದಿನ ಸೀಟಿನಲ್ಲಿ ಮೂಗೆಳೆಯುವ ಸದ್ದು ಒಂದು ಕ್ಷಣ ನಿಂತಿತು, ಇದು ತನ್ನ ಪರವೋ ವಿರುದ್ಧವೋ ಗೊತ್ತಾಗದೆ ಮತ್ತೆ ಶುರುವಾಯಿತು.

ರಾತ್ರಿ ಮಗ ರಾಜಿಗೆ ಬಂದ. ತಾನು ಚಿಕ್ಕವನಿದ್ದಾಗ ಶಿವಮೊಗ್ಗದ ಬೇಕರಿಯಲ್ಲಿ ಅಪ್ಪ ಪ್ರತಿ ಸಲ ತಮ್ಮ ಪೇಸ್ಟ್ರಿಯ ಮೇಲಿನ ಚೆರ್ರಿಯನ್ನು ಎತ್ತಿ ತನಗೇ ಕೊಡುತ್ತಿದ್ದರು, ಒಂದು ದಿನವೂ ತಾವು ತಿಂದವರಲ್ಲ ಎಂದು ಮಗಳಿಗೆ ಹೇಳುವಾಗ ಅವನ ದನಿ ಸ್ವಲ್ಪ ಒದ್ದೆಯಾಗಿತ್ತು. ಸೊಸೆಯೂ ತಲೆ ತಗ್ಗಿಸಿದಳು. ರಾಯರು ಸೋಫಾದಿಂದಲೇ, “ಅದು ಹಲ್ಲಿಗೆ ಅಂಟ್ಕೊಳ್ತಿತ್ತು, ಅದಕ್ಕೇ ಕೊಡ್ತಿದ್ದೆ” ಎಂದು ಎಲ್ಲವನ್ನೂ ಕೆಡಿಸಿದರು.

ಮರುದಿನ ಮಗ ಅಂಗಡಿಯಿಂದ ಮರಸ್ಕೀನೊ ಚೆರ್ರಿಯ ಒಂದು ಶೀಶೆಯನ್ನೇ ತಂದ. ಪುಟ್ಟಿ ಮುಟ್ಟಲಿಲ್ಲ, ಅದು ಸಂಡೇ ಮೇಲೆ ಇದ್ದದ್ದಲ್ಲವಂತೆ. ರಾಯರು ಕನ್ನಡಕ ಏರಿಸಿ ಲೇಬಲ್ಲಿನ ಸಣ್ಣಕ್ಷರವನ್ನೆಲ್ಲ ಗಟ್ಟಿಯಾಗಿ ಓದಿ, ಇಂಥದ್ದನ್ನು ಮನುಷ್ಯರು ತಿನ್ನಬಾರದು ಎಂದು ಘೋಷಿಸಿದರು. ಶೀಶೆ ಫ್ರಿಜ್ಜಿನಲ್ಲಿ, ಮೆಂತ್ಯದ ಹಿಟ್ಟಿನ ಪಕ್ಕದಲ್ಲಿ ಕೂತಿದೆ. ದಿನವೂ ಒಂದೆರಡು ಕಡಿಮೆಯಾಗುತ್ತಿವೆ, ಯಾರೆಂದು ಯಾರೂ ಕೇಳುತ್ತಿಲ್ಲ. ಬಾಯಗಲದ ಗಟ್ಟಿ ಗಾಜಿನ ಶೀಶೆ, ಮುಚ್ಚಳವೂ ಬಿಗಿ. ಊರಿಗೆ ಹೊರಡುವ ಮೊದಲು ನಿಂಬೆಹಣ್ಣಿನ ಉಪ್ಪಿನಕಾಯಿ ಹಾಕಿಡಬೇಕು, ಬೇಗ ಬೇಗ ಖಾಲಿ ಮಾಡಿ ಎಂದು ಅಜ್ಜಿ ಇಬ್ಬರಿಗೂ ಬೇರೆಬೇರೆಯಾಗಿ ಹೇಳಿದ್ದಾರೆ.