ಸಾಲ: ಬಳಕೆದಾರರ ಕೈಪಿಡಿ (ಕೊಪ್ಪಳ ಜಿಲ್ಲಾ ಮಾದರಿ)

ನಮ್ಮ ಸಾಲವನ್ನು ಆಯ್ದುಕೊಂಡಿದ್ದಕ್ಕೆ ಧನ್ಯವಾದಗಳು. ನೀವು ಆಯ್ದುಕೊಳ್ಳಲಿಲ್ಲ, ಅದೇ ಮನೆ ಹುಡುಕಿಕೊಂಡು ಬಂತು ಅನ್ನುವುದು ಗೊತ್ತಿದೆ. ಆದರೂ ಕೈಪಿಡಿಗಳು ಹೀಗೇ ಶುರುವಾಗಬೇಕು. ಮೊದಲ ಕಂತಿಗೆ ಮುಂಚೆ ಓದಿ. ನಾನು ಹನ್ನೊಂದನೆಯ ತಿಂಗಳಲ್ಲಿ ಓದಿದವನು, ಅದರ ಕಥೆ ಮುಂದಿದೆ.

ಪೆಟ್ಟಿಗೆಯೊಳಗೆ ಏನೇನಿದೆ

ಬಿಡಿಭಾಗಗಳು ತಾಲ್ಲೂಕಿಗೆ ತಕ್ಕಂತೆ ಬದಲಾಗುತ್ತವೆ. ಗಂಗಾವತಿ ಮಾದರಿಯಲ್ಲಿ ಕಾಲುವೆ ನೀರು, ಸೋನಾ ಮಸೂರಿ, ಗೊಬ್ಬರದಂಗಡಿಯ ಉದ್ರಿ ಇರುತ್ತವೆ. ಭತ್ತ ಕಣಕ್ಕೆ ಬರುವ ಮುಂಚೆಯೇ ಉದ್ರಿ ಬರೆದ ಪುಸ್ತಕ ಬಂದಿರುತ್ತದೆ. ಕುಷ್ಟಗಿ, ಯಲಬುರ್ಗಾ ಮಾದರಿ ಒಣಬೇಸಾಯದ್ದು: ನೀರು ಬಾರದ ಬೋರಿನ ಸಾಲ, ಜೊತೆಗೆ ಗುಳೆ ಹೋಗಲು ಮಂಗಳೂರಿನದೋ ಗೋವಾದ್ದೋ ಬಸ್ ಟಿಕೆಟ್ಟು. ಕೊಪ್ಪಳ ಪಟ್ಟಣದ ಮಾದರಿಯಲ್ಲಿ ಬೈಕಿನ ಕಂತು, ಮೊಬೈಲಿನ ಕಂತು, ತಂಗಿ ಮದುವೆಯ ಕೈಗಡ. ಬಂಗಾರದ ಸಾಲ ಎಲ್ಲ ಮಾದರಿಗೂ ಉಚಿತವಾಗಿ ಅಂಟಿಕೊಂಡಿರುತ್ತದೆ.

ಪೆಟ್ಟಿಗೆಯಲ್ಲಿ ಇರದೆ ಇರುವ ಒಂದೇ ವಸ್ತು, ಒಟ್ಟು ಎಷ್ಟು ಕೊಡಬೇಕು ಎಂದು ಬರೆದ ಚೀಟಿ. ಅದನ್ನು ನೀವೇ ತಯಾರಿಸಬೇಕು.

ತಾಂತ್ರಿಕ ವಿವರ

ಯಲಬುರ್ಗಾದ ನಮ್ಮ ಅತ್ತಿ 40,000 ರೂಪಾಯಿ ತಂದಳು. 'ನೂರಕ್ಕ ಒಂದ ರೂಪಾಯಿ ಬಡ್ಡಿ, ಎರಡ ವರ್ಷ, 24 ಕಂತು' ಅಂದರು. ತಿಂಗಳಿಗೆ 400 ಬಡ್ಡಿ, ಎರಡು ವರ್ಷಕ್ಕೆ 9,600. ಅಸಲು ಸೇರಿಸಿ ಭಾಗಿಸಿದರೆ ಕಂತಿಗೆ 2,067. ಇಲ್ಲಿಯವರೆಗೆ ಎಲ್ಲ ಚೆಂದ. ಆದರೆ ಪ್ರತಿ ಕಂತಿನಲ್ಲೂ ಅಸಲು ಇಳಿಯುತ್ತಿದ್ದರೂ ಬಡ್ಡಿ ಇಳಿಯುವುದಿಲ್ಲ. ಕೊನೆಯ ತಿಂಗಳು ಬಾಕಿ ಉಳಿದದ್ದು 1,667 ರೂಪಾಯಿ, ಅದಕ್ಕೂ ಬಡ್ಡಿ ಅದೇ 400. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಇದು ವರ್ಷಕ್ಕೆ ಶೇಕಡಾ 12 ಅಲ್ಲ, ಇಪ್ಪತ್ತೊಂದೂವರೆ ಹತ್ತಿರ.

ಪಾಟಿ ಮೇಲೆ ಬರೆದು ತೋರಿಸಿದೆ. ಅತ್ತಿ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದಳು.

'ಅಂದ್ರ ತೀರಿಸಿದ ರೊಕ್ಕಕ್ಕೂ ಬಡ್ಡಿ ಕಟ್ಟೀನಿ ಅನ್ನು.'

ಇಷ್ಟು ಚೊಕ್ಕವಾಗಿ ಯಾವ ಬ್ಯಾಂಕಿನ ಮ್ಯಾನೇಜರೂ ನನಗೆ ಹೇಳಿರಲಿಲ್ಲ. ಹಣ ತರುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಬಡ್ಡಿ ಪೂರಾ ಅಸಲಿಗೋ, ಉಳಿದ ಅಸಲಿಗೋ?

ಇನ್ನು ನನ್ನ ಕಥೆ. ಊರ ಸಾಹುಕಾರರೊಬ್ಬರಲ್ಲಿ ನೂರಕ್ಕೆ ಐದರಂತೆ 20,000 ಕೇಳಿದೆ. ಮೊದಲ ತಿಂಗಳ ಬಡ್ಡಿ ಮುರಿದುಕೊಂಡು 19,000 ಕೈಗಿಟ್ಟರು. ಹನ್ನೊಂದು ತಿಂಗಳು ಸಾವಿರ ಸಾವಿರ ಕೊಟ್ಟೆ. ಆಮೇಲೆ ಕೇಳಿದರೆ ಅಸಲು ಎಷ್ಟಿತ್ತೋ ಅಷ್ಟೇ ಇತ್ತು, ಕೂದಲೂ ಕೊಂಕಿರಲಿಲ್ಲ. ಸಾಲದ ಮೇಲೆ ಸರ್ವಜ್ಞ ಹೇಳಿದ್ದು ಎಲ್ಲರಿಗೂ ಬಾಯಿಪಾಠ, ಸಾಲ ಕೊಡುವವರಿಗೂ.

ಎಚ್ಚರಿಕೆ

ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿ, ಹನುಮಪ್ಪನ ಗುಡಿ ಕಟ್ಟೆ, ಮಂಗಳವಾರ ಮುಂಜಾನೆ. ಹತ್ತು ಜನ ಹೆಂಗಸರು ಸಾಲಾಗಿ ಕೂತಿದ್ದಾರೆ (ಪದವೇ ಹಾಗಿದೆ, ಲೇಖಕನ ತಪ್ಪಲ್ಲ). ಫೈನಾನ್ಸಿನ ಹುಡುಗ ಬ್ಯಾಗು ತೊಡೆ ಮೇಲಿಟ್ಟುಕೊಂಡು ಹಾಜರಿ ಕರೆಯುತ್ತಾನೆ. ಒಬ್ಬಾಕೆಗೆ ಮುನ್ನೂರು ಕಡಿಮೆ.

'ಈ ವಾರ ಆಗಂಗಿಲ್ಲೋ ತಮ್ಮಾ. ಗೃಹಲಕ್ಷ್ಮಿ ರೊಕ್ಕ ಬಂದಿಲ್ಲ.'

'ನಾ ಏನ್ ಮಾಡ್ಲಿ ಅಕ್ಕಾರ, ನನಗ ಮ್ಯಾಲಿಂದ ಫೋನ್ ಬರ್ತಾವ.'

ಯಾರೂ ಮಾತಾಡುವುದಿಲ್ಲ. ಆಮೇಲೆ ಸೆರಗಿನ ಗಂಟು ಬಿಚ್ಚುವ ಸಣ್ಣ ಸದ್ದು. ನೂರರ ನೋಟೊಂದು ಕೈಯಿಂದ ಕೈಗೆ ಬಂತು, ಮತ್ತೊಂದು, ಮಗದೊಂದು. ಜಂಟಿ ಹೊಣೆ ಎಂದು ಕಾಗದದಲ್ಲಿ ಬರೆದದ್ದು ನೋಡಲು ಹೀಗಿರುತ್ತದೆ. ಕೊಟ್ಟವರು ಗೆಳತಿಯರೂ ಹೌದು, ಮುಂದಿನ ವಾರದಿಂದ ಸಾಲ ಕೊಟ್ಟವರೂ ಹೌದು. ಹೋದ ವಾರದವರೆಗೆ ಒಬ್ಬರಿಗೊಬ್ಬರು ಕೊಡ ಎತ್ತಿಕೊಡುತ್ತಿದ್ದವರು ಈಗ ನಳದ ಹತ್ತಿರ ಮುಖ ತಿರುಗಿಸಿದರೆ ಆಶ್ಚರ್ಯಪಡಬೇಡಿ.

ಬಳಕೆದಾರರ ಹಕ್ಕುಗಳನ್ನು ಕೈಪಿಡಿಗಳು ಸಣ್ಣ ಅಕ್ಷರದಲ್ಲಿ ಮುದ್ರಿಸುತ್ತವೆ, ನಾನು ದೊಡ್ಡದಾಗಿ ಬರೆಯುತ್ತೇನೆ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ ಕಿರುಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನು ಮಾಡುವಂತಿಲ್ಲ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರುವಂತಿದ್ದರೆ ಹೊಸ ಸಾಲ ಕೊಡುವಂತೆಯೇ ಇಲ್ಲ. ದೂರಿಗೆ 14448. ನೋಂದಣಿಯೇ ಇಲ್ಲದೆ ಸಾಲ ಕೊಟ್ಟು ಬಾಗಿಲಲ್ಲಿ ಕೂಗಾಡುವವರಿಗೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು: ಹತ್ತು ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡ. ನೋಂದಾಯಿತ ಸಂಸ್ಥೆಗಳ ಸಾಲ ಮನ್ನಾ ಆಯಿತೆಂದು ಕುಣಿಯಬೇಡಿ.

ನಡೆಸುವ ವಿಧಾನ

ನಮ್ಮವರು ಬಾಯಿ ಜೋರಿದ್ದವನಿಗೆ ಮೊದಲು ಕಟ್ಟುತ್ತಾರೆ, ಬಡ್ಡಿ ಜೋರಿದ್ದವನಿಗಲ್ಲ. ಇದನ್ನು ತಿರುವಿ ಹಾಕಿ. ಸೊಸೈಟಿ ಸಾಲ ಕಾಯುತ್ತದೆ, ನೂರಕ್ಕೆ ಐದು ಕಾಯುವುದಿಲ್ಲ. ನಾನು ಹೆಂಡತಿಯ ಸರ ಬ್ಯಾಂಕಿನಲ್ಲಿಟ್ಟು ಸಾಹುಕಾರರ 20,000 ತೀರಿಸಿದೆ. ಸರ ಬಿಡಿಸಲು ಒಂದೂವರೆ ವರ್ಷ ಹಿಡಿಯಿತು. ಅಷ್ಟೂ ದಿನ ಅವಳು ಮದುವೆ ಮನೆಗಳಿಗೆ ಹೋಗಲಿಲ್ಲ, ಕಾರಣ ಕೇಳಿದವರಿಗೆ ಮಂಡಿನೋವು ಅಂದಳು. ಆದರೆ ಈ ಸಂಘದ ಕಂತು ಕಟ್ಟಲು ಆ ಸಂಘದಲ್ಲಿ ಸಾಲ ಎತ್ತುವುದು ಬೇರೆ ಸಂಗತಿ. ಅದರಿಂದ ಯಂತ್ರ ಬಿಸಿಯಾಗುತ್ತದೆ.

ದೋಷ ನಿವಾರಣೆ

ದೋಷ: ಭರವಸೆ ಬರುತ್ತಿಲ್ಲ. ಪರಿಹಾರ: ಗಂಗಾವತಿ ಕಡೆಯ ಯಾರಾದರೂ ಭತ್ತದ ರೈತರನ್ನು ಕೇಳಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು, ನಾಟಿಯ ಹೊತ್ತು, ಸಾಲ ಆಗಲೇ ಗದ್ದೆಗೆ ಬಿದ್ದಿತ್ತು. ನೀರೆಲ್ಲ ಹೊಳೆಗೆ ಬಿಟ್ಟಮೇಲೆ ರಿಪೇರಿ ಅಂದುಕೊಂಡರು. ಆದರೆ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದೇ ವಾರದಲ್ಲಿ, ನೀರು ಹರಿಯುತ್ತಿರುವಾಗಲೇ, ಉಕ್ಕಿನ ತಡೆಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಮುಚ್ಚಿದರು. ಅದೇ ಮಳೆಗಾಲದಲ್ಲಿ ಜಲಾಶಯ ಮತ್ತೆ ತುಂಬಿತು. ಖರ್ಚೆಲ್ಲ ನಿಂತ ಮೇಲೆ ಸಾಲ ತೀರಿಸಲು ಶುರುಮಾಡುತ್ತೇನೆ ಎನ್ನುವವರು ಆ ಗೇಟಿನ ಕೆಳಗೆ ಒಮ್ಮೆ ನಿಂತು ಬರಬಹುದು.

ಅದೂ ದೂರವಾದರೆ ಕೊಪ್ಪಳದ ಗವಿಮಠದ ಬೆಟ್ಟ ಹತ್ತಿ. ಈ ಜಿಲ್ಲೆಯ ಮೊಟ್ಟಮೊದಲ ಕೈಪಿಡಿ ಅಲ್ಲಿ ಬಂಡೆಯ ಮೇಲಿದೆ, ಅಶೋಕನದು, ಬ್ರಾಹ್ಮೀ ಲಿಪಿಯಲ್ಲಿ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಸ್ವರ್ಗ ಗಳಿಸಬಹುದು ಎಂಬುದು ಸಾರ. ಕಂತು ಎಷ್ಟು ಎಂದು ಮಾತ್ರ ಬರೆಸಿಲ್ಲ. ಜನವರಿಯ ಜಾತ್ರೆಗೆ ಹೋದರೆ ಮಹಾದಾಸೋಹದ ಊಟವೂ ಆಗುತ್ತದೆ.

ವಾರಂಟಿ

ಇಲ್ಲ. ಕೊನೆಯ ಕಂತಿನ ದಿನ 'ಬಾಕಿ ಇಲ್ಲ' ಎಂಬ ಪತ್ರ ಸಹಿ, ಸೀಲು ಸಮೇತ ತೆಗೆದುಕೊಳ್ಳದೆ ಏಳಬೇಡಿ.

ಅತ್ತಿಗೆ ಪತ್ರ ಓದಲು ಬರುವುದಿಲ್ಲ. ಅಡುಗೆಮನೆ ಬಾಗಿಲ ಹಿಂದೆ ಕಂತಿಗೊಂದು ಇದ್ದಿಲಗೆರೆ ಎಳೆದಿದ್ದಳು, ಇಪ್ಪತ್ನಾಲ್ಕು. ಎರಡು ಗೆರೆ ಮಾತ್ರ ಡೊಂಕು, ಮಾವ ಆಸ್ಪತ್ರೆಯಲ್ಲಿದ್ದ ತಿಂಗಳಿನವು. ಈ ದೀಪಾವಳಿಗೆ ಮನೆಗೆ ಸುಣ್ಣ ಹೊಡೆಯಲು ಬಂದ ಹುಡುಗ ಬಾಗಿಲು ಸರಿಸಿ, 'ಇಲ್ಲೂ ಹೊಡೀಲೇನವ್ವಾ?' ಅಂದ.

'ಅಲ್ಲಿ ಬ್ಯಾಡ,' ಅಂದಳು ಅತ್ತಿ. 'ಅದು ಇರ್ಲಿ.'