ಪಕ್ಕದ್ಮನೆ ಹೇನು

ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮಗಳ ತಲೇಲಿ ಹೇನು ಕಂಡ ದಿನ ನೀವು ಮೊದಲು ಹುಡುಕಿದ್ದು ಸೀರಣಿಗೆನೋ, ತಪ್ಪಿತಸ್ಥರನ್ನೋ? ‘ನಮ್ಮನೇಲಿ ಯಾರಿಗೂ ಇರ್ಲಿಲ್ಲಪ್ಪ, ಪಕ್ಕದಲ್ಲಿ ಕೂರ್ತಾಳಲ್ಲ, ಆ ಹುಡುಗಿಯಿಂದಲೇ ಬಂದಿರೋದು’ ಅಂದ್ರಿ ತಾನೇ? (ಆ ಹುಡುಗಿ ಅಮ್ಮನೂ ಅದೇ ಹೊತ್ತಿಗೆ ನಿಮ್ಮ ಹೆಸರು ಹೇಳ್ತಿದ್ರು.)

ಆಮೇಲೆ ಮೆಡಿಕಲ್ ಶಾಪು. ಪಕ್ಕದವರು ಹೋಗೋವರೆಗೂ ಕೆಮ್ಮಿನ ಸಿರಪ್ಪಿನ ರೇಟು ಕೇಳ್ಕೊಂಡು ನಿಂತ್ರಿ. ಆಮೇಲೆ ಕೌಂಟರಿಗೆ ಬಗ್ಗಿ ಪಿಸುಮಾತಲ್ಲಿ, ‘ಹೇನಿನ ಶಾಂಪೂ ಇದ್ಯಾ? ನಮಗಲ್ಲ, ಕೆಲಸದವಳ ಮಗೂಗೆ.’ ಅಂಗಡಿಯವನು ಪೇಪರಲ್ಲಿ ಸುತ್ತಿ ಕೊಟ್ಟ. ಅವನಿಗೇನು, ದಿನಾ ಕೇಳೋ ಕಥೆ!

ಹೇನಿಗೆ ಕೊಳೆ ತಲೆ, ತೊಳೆದ ತಲೆ ಅನ್ನೋ ಭೇದ ಇಲ್ಲ ಕಣ್ರೀ. ಅದು ಹಾರಲ್ಲ, ನೆಗೆಯಲ್ಲ. ತಲೆಗೆ ತಲೆ ತಾಗಿದಾಗ ಆರು ಕಾಲಲ್ಲಿ ಕೂದಲು ಹಿಡ್ಕೊಂಡು ಆ ಕಡೆ ದಾಟುತ್ತೆ, ಅಷ್ಟೇ. (ಸೆಲ್ಫಿಗೆ ತಲೆ ಸೇರಿಸ್ತೀರಲ್ಲ, ಬೇಕಾದಷ್ಟಾಯ್ತು.) ನಾಯೀನ ಬೈಬೇಡಿ, ಪಾಪ, ಅದರ ಹೇನಿಗೆ ನಿಮ್ಮ ತಲೆ ಒಗ್ಗಲ್ಲ.

ಬಟ್ಟೆ ಹೊಲಿಗೇಲಿ ಅಡಗೋ ಕೂರೆ ಬೇರೆ. ಟೈಫಸ್ ಜ್ವರ ಹರಡೋದು ಅದೇ ಅಂತ 1909ರಲ್ಲಿ ಟ್ಯುನಿಸ್‌ನಲ್ಲಿ ತೋರಿಸಿಕೊಟ್ಟ ಶಾರ್ಲ್ ನಿಕೊಲ್‌ಗೆ 1928ರಲ್ಲಿ ನೊಬೆಲ್ ಬಂತು. ಕೂರೆಗೆ ಮದ್ದು ಬಟ್ಟೆನ ಬಿಸಿನೀರಲ್ಲಿ ಒಗೆದು ಹೊಲಿಗೆ ಮೇಲೆ ಇಸ್ತ್ರಿ ಒತ್ತೋದು. ಕೂರೆ ಹಿಂದೆ ಬಿದ್ದವರು ನೊಬೆಲ್ ತಗೊಂಡ್ರು, ನೀವು ತಲೆಹೇನಿಗೇ ಮುಖ ಮುಚ್ಕೋತೀರಿ!

ಸೀತಾಫಲದ ಬೀಜ ಅರೆದು ಹಚ್ತೀರಾ? ಕಣ್ಣಿಗೆ ಬಿದ್ರೆ ಕಣ್ಣಾಸ್ಪತ್ರೆಗೇ ಓಡಬೇಕು. ಸೀಮೆಎಣ್ಣೆಯಂತೂ ಬೇಡವೇ ಬೇಡ. ಒದ್ದೆ ಕೂದಲಿಗೆ ಕಂಡೀಷನರ್ ಹಚ್ಚಿ, ಕಿವಿ ಹಿಂದೆ, ಕತ್ತಿನ ಹತ್ತಿರ, ಬುಡದಿಂದ ತುದಿವರೆಗೂ ಸೀರಣಿಗೆ ಎಳೀರಿ. ಪ್ರತಿ ಸಲ ಬಿಳಿ ಬಟ್ಟೆಗೆ ಒರೆಸಿ ನೋಡಿ. ಒಂದು ಶಾಂಪೂಗೇ ಗೆದ್ದೆ ಅಂತ ಬೀಗಬೇಡಿ. ಕೂದಲಿಗೆ ಕಚ್ಕೊಂಡಿರೋ ಸೀರು 7ರಿಂದ 10 ದಿನಕ್ಕೆ ಒಡೆದು ಮರಿ ಹೊರಗೆ ಬರುತ್ತೆ. ಆಗ ಇನ್ನೊಂದು ಸಲ ಮಾಡ್ಲೇಬೇಕು.

ಹಿಂದೆ ಜಗಲಿ ಮೇಲೆ ಒಬ್ಬರ ಹಿಂದೊಬ್ಬರು ಕೂತು ಹೇನು ನೋಡ್ತಿದ್ರು. ಉಗುರ ಮೇಲಿಟ್ಟು ಟಪ್ ಅಂತ ಕುಕ್ಕೋದು, ಜೊತೆಗೆ ಊರ ಸುದ್ದಿ. ಈಗ ನೀವು ಬಾಗಿಲು ಹಾಕ್ಕೊಂಡು ಬಾಚ್ತೀರಿ, ಪಕ್ಕದ್ಮನೆಯವರು ಮುಂದಿನ ವಾರ ಬಾಗಿಲು ಹಾಕ್ಕೊಂಡು ಬಾಚ್ತಾರೆ. ಹೇನು ಮಾತ್ರ ಆರಾಮಾಗಿ ಅಲ್ಲಿಂದಿಲ್ಲಿಗೆ ವರ್ಗ ಮಾಡಿಸ್ಕೊಂಡು ಓಡಾಡ್ಕೊಂಡಿರುತ್ತೆ. ನಿಮ್ಮ ರಕ್ತಕ್ಕಿಂತ ನಿಮ್ಮ ಮರ್ಯಾದೆಯೇ ಅದನ್ನ ಸಾಕ್ತಿರೋದು!

ಅದಕ್ಕೇ ಹೇಳ್ತೀನಿ, ಕ್ಲಾಸಿನ ವಾಟ್ಸಾಪ್ ಗ್ರೂಪಲ್ಲಿ ಗುಡ್ ಮಾರ್ನಿಂಗ್ ಹೂವಿನ ಬದಲು ಒಂದಿನ ಹಾಕಿ: ‘ನಮ್ಮ ಮಗೂಗೆ ಹೇನಾಗಿದೆ, ಭಾನುವಾರ ಎಲ್ರೂ ಮಕ್ಕಳ ತಲೆ ಬಾಚೋಣ.’ ‘ನಮ್ಮನೇಲೂ’, ‘ನಮ್ದೂ ಅದೇ’ ಅಂತ ಎಷ್ಟು ಮೆಸೇಜು ಬರುತ್ತೆ ನೋಡ್ತಿರಿ. (ಬರೀ ಥಂಬ್ಸ್ ಅಪ್ ಹಾಕಿ ಸುಮ್ಮನಾಗ್ತಾರಲ್ಲ, ಅವರ ತಲೆ ಮೊದಲು ನೋಡಿ.)