ಸುವಾರ್ತೆಯ ಜಮಾ-ಖರ್ಚು

ಪರದೇಶದಲ್ಲಿ ಧರ್ಮ ಸಾರಲು ಮೂರು ಬೇಕು: ಭಾಷೆ, ವೇಷ, ಹಡಗಿನ ಬಾಡಿಗೆ. ಪ್ರಷ್ಯಾದ ಪಾದ್ರಿ ಕಾರ್ಲ್ ಗುಟ್ಸ್‌ಲಾಫ್ ಚೀನೀ ಮಾತು ಕಲಿತ, ಚೀನೀ ನಿಲುವಂಗಿ ತೊಟ್ಟ. ಬಾಡಿಗೆಯನ್ನು ದೇವರೇ ಒದಗಿಸಿದ, ವಿಲಿಯಂ ಜಾರ್ಡಿನ್ ಎಂಬ ಅಫೀಮು ಸಾಹುಕಾರನ ರೂಪದಲ್ಲಿ.

1832ರಲ್ಲಿ ‘ಸಿಲ್ಫ್’ ಹಡಗು ಚೀನಾದ ಕರಾವಳಿಗುಂಟ ಹೊರಟಿತು. ಅದರ ಹೊಟ್ಟೆಯಲ್ಲಿ ಹಿಂದೂಸ್ತಾನದ ಗಸಗಸೆ ಹೊಲಗಳ ಅಫೀಮು, ಜೊತೆಗೆ ಧರ್ಮಪುಸ್ತಕಗಳು. ಪಾದ್ರಿಯೇ ದುಭಾಷಿ. ಚಕ್ರವರ್ತಿಯ ಆಜ್ಞೆಯಂತೆ ಅಫೀಮೂ ನಿಷಿದ್ಧ, ಮತಪ್ರಚಾರವೂ ನಿಷಿದ್ಧ. ಎರಡೂ ಕಳ್ಳಮಾಲೇ ಆದಮೇಲೆ ಬೇರೆ ಬೇರೆ ಹಡಗು ಯಾಕೆ? ಅಫೀಮಿಗೆ ರೊಕ್ಕ, ಮೋಕ್ಷ ಬಿಟ್ಟಿ.

ಅಫೀಮು ಯುದ್ಧ ಮುಗಿದು 1842ರಲ್ಲಿ ನಾನ್ಕಿಂಗ್ ಒಪ್ಪಂದವಾದಾಗಲೂ ಇವನೊಬ್ಬ ದುಭಾಷಿ. ಹಾಂಗ್‌ಕಾಂಗ್ ಇಂಗ್ಲಿಷರ ಪಾಲಾಯಿತು, ಪಾದ್ರಿಗೆ ಅಲ್ಲಿ ಸರ್ಕಾರಿ ನೌಕರಿಯಾಯಿತು. 1844ರಲ್ಲಿ ‘ಚೈನೀಸ್ ಯೂನಿಯನ್’ ಕಟ್ಟಿದ: ಚೀನಾದ ಒಳನಾಡಿಗೆ ಚೀನಿಯರೇ ಸುವಾರ್ತೆ ಒಯ್ಯಬೇಕು. ಯೋಚನೆಗೇನೂ ಹೆಸರಿಡುವಂತಿರಲಿಲ್ಲ. ಪ್ರಚಾರಕರು ದಾರಿಖರ್ಚು ಎಣಿಸಿಕೊಂಡು, ಪುಸ್ತಕದ ಗಂಟು ಹೊತ್ತು ಹೊರಡುತ್ತಿದ್ದರು. ಮರಳಿ ಬಂದು ದೂರದ ಪ್ರಾಂತ್ಯಗಳ ವರದಿ, ದೀಕ್ಷೆ ಪಡೆದವರ ಪಟ್ಟಿ ಒಪ್ಪಿಸುತ್ತಿದ್ದರು. ಯುರೋಪಿನ ದಾನಿಗಳು ಓದಿ, ಕಣ್ಣೊರೆಸಿಕೊಂಡು, ಥೈಲಿ ಬಿಚ್ಚುತ್ತಿದ್ದರು. ಪಟ್ಟಿ ಉದ್ದವಿದ್ದರೆ ಊರಿಗೆ ಹೋಗಿ ನೋಡುವವರು ಯಾರು?

ನೋಡುವವನೊಬ್ಬ ಬಂದೇಬಿಟ್ಟ. ನಮ್ಮ ಮಂಗಳೂರಿನಲ್ಲಿ 1834ರಿಂದ ಬೇರೂರಿ, ಮುಂದೆ ಹೆಂಚಿಗೂ ಹೆಸರಾದ ಬಾಸೆಲ್ ಮಿಷನ್ನು 1847ರಲ್ಲಿ ಥಿಯೋಡೋರ್ ಹ್ಯಾಂಬರ್ಗ್ ಎಂಬವನನ್ನು ಹಾಂಗ್‌ಕಾಂಗಿಗೆ ಕಳಿಸಿತ್ತು. ಗುಟ್ಸ್‌ಲಾಫ್ ಯುರೋಪಿನಲ್ಲಿ ಭಾಷಣ ಬಿಗಿಯುತ್ತ ತಿರುಗುತ್ತಿದ್ದಾಗ ಇವನು ಯೂನಿಯನ್ನಿನ ಒಳಹೊಕ್ಕು ನೋಡಿದ. ಒಳನಾಡು ಸುತ್ತಿ ಬಂದವರಲ್ಲಿ ಎಷ್ಟೋ ಮಂದಿ ಹಾಂಗ್‌ಕಾಂಗಿನ ಆಸುಪಾಸು ಬಿಟ್ಟು ಕದಲಿರಲೇ ಇಲ್ಲ. ಹಂಚಬೇಕಿದ್ದ ಗ್ರಂಥಗಳನ್ನು ಮುದ್ರಕನಿಗೇ ಮಾರಿದ್ದರು. ಮುದ್ರಕ ಅವನ್ನೇ ಪಾದ್ರಿಗೆ ಮತ್ತೆ ಮಾರಿದ್ದ. ಪುನರ್ಜನ್ಮ ಒಪ್ಪದ ಧರ್ಮದ ಗ್ರಂಥಕ್ಕೆ ಎಷ್ಟೊಂದು ಪುನರ್ಜನ್ಮ! ದಾರಿಖರ್ಚಿನ ಹಣವನ್ನು ಹಲವರು ಕೂತಲ್ಲೇ ಅಫೀಮು ಸೇದಿ ತೀರಿಸಿದ್ದರು.

ದಾನಿಗಳು ಹೌಹಾರಿದರು. ಯಾಕೆ ಹೌಹಾರಬೇಕಿತ್ತೋ! ಅಫೀಮಿನ ದುಡ್ಡು ಸುವಾರ್ತೆಗೆ ಬಂದಾಗ ಅದು ದೈವಕೃಪೆ. ಸುವಾರ್ತೆಯ ದುಡ್ಡು ಅಫೀಮಿಗೆ ಹೋದಾಗ ಚೀನಿಯರ ಕಪಟ. ಪಾದ್ರಿಯ ಬೋಧನೆಯನ್ನು ಆ ಶಿಷ್ಯರು ಎಷ್ಟು ಅರಗಿಸಿಕೊಂಡಿದ್ದರೋ ಕಾಣೆ, ಅವನ ಲೆಕ್ಕಪುಸ್ತಕವನ್ನಂತೂ ಅಚ್ಚುಕಟ್ಟಾಗಿ ಓದಿಕೊಂಡಿದ್ದರು. ಸಾಹುಕಾರನ ಅಂಗಡಿಯಿಂದ ಸಾಲ ತಂದ ಪುಣ್ಯವನ್ನು ಚಿಲುಮೆಯ ಮೂಲಕ ಅದೇ ಅಂಗಡಿಗೆ ಬಡ್ಡಿಸಮೇತ ತೀರಿಸಿದರು. ಇಷ್ಟು ಪ್ರಾಮಾಣಿಕ ಸಾಲಗಾರರನ್ನು ಮೋಸಗಾರರೆನ್ನುವುದು ಅನ್ಯಾಯ.